ಹುಂಜದ ಲಕ್ಷಣ ಪರೀಕ್ಷೆ: ಒಮಾನ್‌ನ ಬಿಸಿಲಿನಲ್ಲಿ ತಳಿಯ ಮಾನದಂಡ

ಪ್ರಾಣಿಯೊಂದನ್ನು ಅದರ ಅಂಗಲಕ್ಷಣಗಳಿಂದ ಅಳೆಯುವ ಪದ್ಧತಿ ಒಮಾನ್‌ಗೆ ಹೊಸದಲ್ಲ. ಒಂಟೆಯ ತಲೆ, ತುಟಿ, ಕತ್ತು, ಡುಬ್ಬಗಳನ್ನು ನೋಡಿ ಬಹುಮಾನ ಕೊಡುವ ಮಝಾಯನ ಎಂಬ ಸೌಂದರ್ಯ ಸ್ಪರ್ಧೆಗಳು ಅಲ್ಲಿಯೂ ನೆರೆಯ ಅರಬ್ ದೇಶಗಳಲ್ಲಿಯೂ ನಡೆಯುತ್ತವೆ. ನಿಜ್ವಾದ ಶುಕ್ರವಾರದ ಸಂತೆಯಲ್ಲಿ ಆಡುಗಳನ್ನು ಜನರ ನಡುವೆ ಸುತ್ತು ಹಾಕಿಸುವಾಗ ಕೊಳ್ಳುವವರು ಬಾಯಿ ಬಿಡಿಸಿ, ಬೆನ್ನು ಸವರಿ ನೋಡಿದ ಮೇಲೆಯೇ ಬೆಲೆ ಹೇಳುತ್ತಾರೆ. ಹುಂಜವನ್ನು ನೋಡುವುದಕ್ಕೂ ಇಂಥದೇ ಪಳಗಿದ ಕಣ್ಣು ಬೇಕು, ಆದರೆ ಅಳತೆಗೋಲು ಬೇರೆ ಬಗೆಯದು. ಒಂಟೆಯ ಲಕ್ಷಣಜ್ಞಾನ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದಾದರೆ, ಕೋಳಿಯ ಲಕ್ಷಣಗಳನ್ನು ಅಂಗಾಂಗಕ್ಕೆ ಒಂದೊಂದು ವಾಕ್ಯದಂತೆ ಬರೆದಿಟ್ಟ ಗ್ರಂಥಗಳಿವೆ, ಅವುಗಳನ್ನೇ ತಳಿಯ ಮಾನದಂಡ ಎನ್ನುತ್ತಾರೆ. ಲಂಡನ್ನಿನ ಪೌಲ್ಟ್ರಿ ಕ್ಲಬ್ 1865ರಲ್ಲಿ ಇಂಥ ಮೊದಲ ಗ್ರಂಥವನ್ನು ಹೊರತಂದಿತು. 1873ರಲ್ಲಿ ಸ್ಥಾಪನೆಯಾದ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಮರುವರ್ಷವೇ ತನ್ನದನ್ನು ಪ್ರಕಟಿಸಿತು. ಇಂದಿಗೂ ಪ್ರಪಂಚದ ಹಲವು ಕೋಳಿ ಪ್ರದರ್ಶನಗಳಲ್ಲಿ ತೀರ್ಪುಗಾರರು ಆಧಾರವಾಗಿ ಹಿಡಿಯುವುದು ಈ ಎರಡು ಪರಂಪರೆಗಳ ಪರಿಷ್ಕೃತ ಆವೃತ್ತಿಗಳನ್ನೇ.

ಮಾನದಂಡವು ಚೆಲುವಾದ ಹುಂಜ ಯಾವುದು ಎಂದು ಹೇಳುವುದಿಲ್ಲ. ಒಂದು ನಿರ್ದಿಷ್ಟ ತಳಿಯ ಪರಿಪೂರ್ಣ ಹುಂಜ ಹೇಗಿರಬೇಕು ಎಂದಷ್ಟೇ ಹೇಳುತ್ತದೆ. ಆದ್ದರಿಂದ ಪಂಜರದ ಮುಂದೆ ನಿಂತವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು ಯಾವ ತಳಿ ಎಂಬುದೇ ಆಗಿರುತ್ತದೆ, ಮತ್ತು ಒಮಾನ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಹಲವು ಬಾರಿ ಯಾವ ತಳಿಯೂ ಅಲ್ಲ ಎಂದೇ ಬರುತ್ತದೆ. ಮಾಂಸಕ್ಕೋ ಮೊಟ್ಟೆಗೋ ಬೆರಕೆಯಿಂದ ರೂಪಿಸಿದ ವಾಣಿಜ್ಯ ಕೋಳಿಗಳಿಗೆ ಪ್ರದರ್ಶನದ ಮಾನದಂಡ ಇರುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜ ಕೋಳಿ ಕರ್ನಾಟಕದ ಹಿತ್ತಿಲುಗಳಲ್ಲಿ ಎಷ್ಟು ಜನಪ್ರಿಯವಾದರೂ ಅದನ್ನು ಈ ಗ್ರಂಥಗಳ ಯಾವ ಪುಟಕ್ಕೂ ಹೊಂದಿಸಲಾಗದು. ಒಮಾನ್‌ನ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಮೇಯುತ್ತ ಬಂದಿರುವ ನಾಟಿ ಕೋಳಿಯ ಸ್ಥಿತಿ ಇನ್ನೊಂದು ಬಗೆಯದು. ಅದು ಮನುಷ್ಯನ ಆಯ್ಕೆಗಿಂತ ಹೆಚ್ಚಾಗಿ ನೆಲ ಮತ್ತು ಹವೆಯ ಒತ್ತಡದಿಂದ ರೂಪುಗೊಂಡ ಸ್ಥಳೀಯ ಸಮುದಾಯವಾಗಿದ್ದು, ಬ್ರಿಟಿಷ್ ಮಾನದಂಡದಲ್ಲಿಯೂ ಅಮೆರಿಕನ್ ಮಾನದಂಡದಲ್ಲಿಯೂ ಒಮಾನಿ ಎಂಬ ತಳಿಯೇ ಇಲ್ಲ. ಹೀಗೆ ಅಲ್ಲಿ ಹುಂಜವನ್ನು ಪರೀಕ್ಷಿಸುವವರು ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಕಲಿಯಬೇಕಾಗುತ್ತದೆ: ಬ್ರಹ್ಮಾ, ರೋಡ್ ಐಲೆಂಡ್ ರೆಡ್, ಅಸೀಲ್ ಮುಂತಾದ ಲಿಖಿತ ತಳಿಗಳನ್ನು ಗ್ರಂಥದ ಎದುರು ಇಟ್ಟು ತೂಗುವುದು ಒಂದು, ನಾಟಿ ಹುಂಜವನ್ನು ಇದ್ದಂತೆ ವಿವರಿಸುವುದು ಇನ್ನೊಂದು. ಇವೆರಡನ್ನು ಕಲಸಿಬಿಡುವುದರಿಂದಲೇ ಹೆಚ್ಚಿನ ತಪ್ಪು ತೀರ್ಪುಗಳು ಹುಟ್ಟುತ್ತವೆ.

ಪರೀಕ್ಷೆಯ ಹೊತ್ತು

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಬಿಸಿಯನ್ನು ಅದು ಉಸಿರಿನ ಮೂಲಕವೂ, ಗರಿಯಿಲ್ಲದ ಜುಟ್ಟು, ಗಂಟಲ ಕೆಳಗಿನ ಕೆಂಪು ಜೋಲುಗಳು ಮತ್ತು ಕಣಕಾಲುಗಳ ಮೂಲಕವೂ ಹೊರಹಾಕುತ್ತದೆ. ಮಸ್ಕತ್ ಮತ್ತು ಬಾತಿನಾ ಕರಾವಳಿಯಲ್ಲಿ ಜೂನ್ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾದ್ದರಿಂದ, ಮಧ್ಯಾಹ್ನ ನೋಡಿದ ಹುಂಜ ತನ್ನ ನಿಜವಾದ ನಿಲುವನ್ನು ತೋರಿಸುವುದಿಲ್ಲ: ಬಾಯಿ ತೆರೆದು ಏದುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ, ಕತ್ತು ಮುಂದೆ ಚಾಚುತ್ತದೆ, ಬಾಲ ಇಳಿಬಿಡುತ್ತದೆ. ಇಳಿಬಿದ್ದ ರೆಕ್ಕೆ ಹಲವು ತಳಿಗಳಲ್ಲಿ ದೋಷವೆಂದೇ ಎಣಿಕೆಯಾಗುವುದರಿಂದ ಬಿಸಿಲಿನ ತಪ್ಪು ಹುಂಜದ ಲೆಕ್ಕಕ್ಕೆ ಬೀಳುತ್ತದೆ. ಬೆಳಗಿನ ಮೊದಲ ಎರಡು ಗಂಟೆ ಈ ಕೆಲಸಕ್ಕೆ ತಕ್ಕ ಹೊತ್ತು. ಋತುವಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಕೋಳಿಗಳು ಹಳೆಯ ಗರಿ ಉದುರಿಸಿ ಹೊಸತನ್ನು ತಳೆಯುತ್ತವೆ, ಆ ನಡುವಣ ವಾರಗಳಲ್ಲಿ ಬಾಲವಿಲ್ಲದ, ಕುತ್ತಿಗೆ ಬೋಳಾದ ಹುಂಜದ ಬಗ್ಗೆ ಬಣ್ಣದ ತೀರ್ಪು ಕೊಡುವುದು ವ್ಯರ್ಥ. ಹೊಸ ಗರಿ ಬಲಿತು ಹವೆ ತಣಿಯುವ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲವೇ ಒಮಾನ್‌ನಲ್ಲಿ ಹುಂಜ ತನ್ನ ಪೂರ್ಣ ರೂಪದಲ್ಲಿ ಕಾಣುವ ಕಾಲ. ಧೋಫಾರ್ ಪ್ರಾಂತದ ಸಲಾಲಾ ಇದಕ್ಕೆ ಅರ್ಧ ಅಪವಾದ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಖರೀಫ್ ಎಂಬ ಮುಂಗಾರಿನ ತುಂತುರು ಆ ಪ್ರಾಂತವನ್ನು ತಂಪಾಗಿಡುತ್ತದೆ, ಆದರೆ ಆ ತೇವದಲ್ಲಿ ಗರಿಗಳು ಮಂಕಾಗಿ ಅಂಟಿಕೊಂಡಿರುತ್ತವೆ, ಕಣಕಾಲಿನ ಪುಕ್ಕಗಳು ಕೆಸರಾಗಿರುತ್ತವೆ.

ಮುಟ್ಟುವ ಮೊದಲು

ಅನುಭವಿ ತೀರ್ಪುಗಾರರು ಹುಂಜವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದೆರಡು ಹೆಜ್ಜೆ ಹಿಂದೆ ನಿಂತು ಬದಿಯಿಂದ ನೋಡುತ್ತಾರೆ. ಅವರು ಆಗ ಹುಡುಕುವುದು ಮೈಕಟ್ಟನ್ನು, ಅಂದರೆ ತಲೆಯಿಂದ ಬಾಲದವರೆಗಿನ ಹೊರರೇಖೆ, ಅಂಗಗಳ ಪರಸ್ಪರ ಪ್ರಮಾಣ ಮತ್ತು ನಿಲ್ಲುವ ಭಂಗಿ ಇವು ಸೇರಿ ಉಂಟಾಗುವ ಒಟ್ಟು ಆಕಾರವನ್ನು. ಹೊಸಬರ ಕಣ್ಣು ಬಣ್ಣಕ್ಕೆ ಹೋಗುತ್ತದೆ, ಬಣ್ಣ ಸುಲಭವಾಗಿ ಕಾಣುತ್ತದೆ, ಅದಕ್ಕೇ ಬಣ್ಣದಿಂದ ಶುರುಮಾಡಬಾರದು. ಒಂದೆರಡು ಕೆಟ್ಟ ಗರಿಗಳು ಮುಂದಿನ ವರ್ಷ ಉದುರಿ ಹೋದಾವು, ಬಣ್ಣವನ್ನು ಎರಡು ಮೂರು ತಲೆಮಾರುಗಳ ಆಯ್ಕೆಯಲ್ಲಿ ಸುಧಾರಿಸಲೂ ಬಹುದು, ಆದರೆ ಕುಗ್ಗಿದ ಎದೆ, ಗಿಡ್ಡವಾದ ಬೆನ್ನು, ಕಿರಿದಾದ ಸೊಂಟ ಸಂತತಿಯಲ್ಲಿ ಹಟ ಹಿಡಿದು ಮರಳಿ ಬರುತ್ತವೆ.

ಮೂರು ತಳಿಗಳನ್ನು ಪಕ್ಕದಲ್ಲಿಟ್ಟರೆ ಮೈಕಟ್ಟಿನ ಅರ್ಥ ಸ್ಪಷ್ಟವಾಗುತ್ತದೆ. ರೋಡ್ ಐಲೆಂಡ್ ರೆಡ್ ಹುಂಜವನ್ನು ಬದಿಯಿಂದ ನೋಡಿದಾಗ ಅದರ ಮೈ ಇಟ್ಟಿಗೆಯಂತೆ ನೀಳವೂ ಆಳವೂ ಆಗಿ, ಬೆನ್ನು ನೆಲಕ್ಕೆ ಬಹುತೇಕ ಸಮಾನಾಂತರವಾಗಿ, ಎದೆಮೂಳೆ ಉದ್ದವಾಗಿ ನೇರವಾಗಿ ಇರಬೇಕು. ಅಮೆರಿಕನ್ ಮಾನದಂಡ ಪೂರ್ಣವಯಸ್ಕ ಹುಂಜಕ್ಕೆ ಎಂಟೂವರೆ ಪೌಂಡ್, ಅಂದರೆ ಸುಮಾರು 3.9 ಕಿಲೋ ತೂಕ ಹೇಳುತ್ತದೆ. ಬ್ರಹ್ಮಾ ಇದಕ್ಕಿಂತ ಎತ್ತರ, ಅಗಲ, ಭಾರ. ತಿಳಿಬಣ್ಣದ ಬ್ರಹ್ಮಾ ಹುಂಜಕ್ಕೆ ಅದೇ ಗ್ರಂಥ 12 ಪೌಂಡ್, ಸುಮಾರು 5.4 ಕಿಲೋ, ನಿಗದಿಪಡಿಸಿದೆ. ಕಣ್ಣಿನ ಮೇಲೆ ಚಾಚಿದ ಹುಬ್ಬು, ಗಿಡ್ಡ ಕೊಕ್ಕು, ಕಣಕಾಲಿನ ಹೊರಬದಿಯಿಂದ ಬೆರಳುಗಳವರೆಗೆ ಇಳಿದ ಪುಕ್ಕಗಳು ಅದರ ಗುರುತು. ಹೆಸರು ಬ್ರಹ್ಮಪುತ್ರ ನದಿಯಿಂದ ಬಂದಿದ್ದರೂ ತಳಿ ಇಂದಿನ ರೂಪ ತಳೆದದ್ದು ಅಮೆರಿಕದಲ್ಲಿ, ಅದೂ ಚೀನಾದ ಶಾಂಘೈ ಕಡೆಯಿಂದ ತಂದ ಭಾರಿ ಕೋಳಿಗಳನ್ನು ಬಳಸಿ. ಆಂಧ್ರ, ಒಡಿಶಾ, ಛತ್ತೀಸಗಢಗಳ ಮೂಲದ ಅಸೀಲ್ ಈ ಎರಡಕ್ಕೂ ವಿರುದ್ಧ: ಭುಜ ಎತ್ತರದಲ್ಲಿ, ಬೆನ್ನು ಹಿಂದಕ್ಕೆ ಇಳಿಜಾರಾಗಿ, ಬಾಲ ಸೊಂಟದ ರೇಖೆಗಿಂತ ಕೆಳಗೆ ಬಾಗಿ, ಗರಿಗಳು ಕಿರಿದಾಗಿ ಗಡುಸಾಗಿ ಮೈಗಂಟಿಕೊಂಡು, ಎದೆಯ ನಡುವೆ ಕೆಂಪು ಚರ್ಮ ಇಣುಕುವಷ್ಟು ವಿರಳವಾಗಿ ಇರುತ್ತವೆ. ಇಂಥ ಬಾಲ ರೋಡ್ ಐಲೆಂಡ್ ರೆಡ್‌ನಲ್ಲಿ ಕಂಡರೆ ದೋಷ, ಅಸೀಲ್‌ನಲ್ಲಿ ಕಾಣದಿದ್ದರೆ ದೋಷ. ಅಸೀಲ್ ಭಾರತದಲ್ಲಿ ಶತಮಾನಗಳ ಹಳಮೆಯ ತಳಿಯಾದರೂ ಅಮೆರಿಕನ್ ಮಾನದಂಡ ಅದನ್ನು ಒಳಗೊಂಡದ್ದು 1981ರಲ್ಲಿ ಎಂಬುದು ಗ್ರಂಥಗಳ ವ್ಯಾಪ್ತಿಯೂ ಸೀಮಿತವೇ ಎಂದು ನೆನಪಿಸುತ್ತದೆ.

ಬದಿಯಿಂದ ನೋಡಿದ ಮೇಲೆ ಎದುರಿನಿಂದಲೂ ಮೇಲಿನಿಂದಲೂ ನೋಡಬೇಕು. ಎದುರಿನಿಂದ ಕಾಲುಗಳು ಒಂದಕ್ಕೊಂದು ದೂರವಾಗಿ ನೇರವಾಗಿ ನಿಂತಿವೆಯೇ, ಮೊಣಕಾಲುಗಳು ಒಳಕ್ಕೆ ಕೂಡಿಕೊಳ್ಳುತ್ತವೆಯೇ ಎಂಬುದು ತಿಳಿಯುತ್ತದೆ. ಮೇಲಿನಿಂದ ನೋಡಿದಾಗ ಬಾಲ ಬೆನ್ನೆಲುಬಿನ ರೇಖೆಯಲ್ಲೇ ಇರಬೇಕು. ಸದಾ ಒಂದೇ ಪಕ್ಕಕ್ಕೆ ವಾಲಿದ ಬಾಲ ಮೂಳೆಯ ವಕ್ರತೆಯಿಂದ ಬಂದದ್ದಾಗಿರುವುದರಿಂದ ಅದು ಅನರ್ಹತೆಗೆ ಕಾರಣ. ಲಂಬರೇಖೆಯನ್ನೂ ದಾಟಿ ತಲೆಯ ಕಡೆಗೆ ಬಾಗಿದ ಬಾಲವನ್ನು ಅಳಿಲುಬಾಲ ಎನ್ನುತ್ತಾರೆ, ಅದೂ ಕೆಲವು ಕುಳ್ಳ ತಳಿಗಳನ್ನು ಬಿಟ್ಟರೆ ಅನರ್ಹವೇ.

ತಲೆ

ತಳಿಯ ಸಹಿ ಇರುವುದು ತಲೆಯಲ್ಲಿ, ಅದರಲ್ಲಿಯೂ ಜುಟ್ಟಿನಲ್ಲಿ. ಒಂದೇ ಪದರದಲ್ಲಿ ಗರಗಸದ ಹಲ್ಲುಗಳುಳ್ಳದ್ದು ಒಂಟಿ ಜುಟ್ಟು. ಅಗಲವಾಗಿ ಚಪ್ಪಟೆಯಾಗಿ ಮೇಲೆಲ್ಲ ಸಣ್ಣ ಗುಳ್ಳೆಗಳಿದ್ದು ಹಿಂದೆ ಮೊನಚಾಗುವುದು ಗುಲಾಬಿ ಜುಟ್ಟು. ತಗ್ಗಾದ ಮೂರು ಸಾಲು ಉಬ್ಬುಗಳಿರುವುದು ಬಟಾಣಿ ಜುಟ್ಟು. ಬ್ರಹ್ಮಾ ಮತ್ತು ಅಸೀಲ್‌ಗಳಿಗೆ ಬಟಾಣಿ ಜುಟ್ಟು ಇರಬೇಕು, ರೋಡ್ ಐಲೆಂಡ್ ರೆಡ್‌ಗೆ ಒಂಟಿ ಅಥವಾ ಗುಲಾಬಿ ಜುಟ್ಟು ಇರಬಹುದು, ಒಂಟಿಯಾದರೆ ಐದು ಹಲ್ಲುಗಳು, ಅವುಗಳಲ್ಲಿ ಮೊದಲನೆಯದೂ ಕೊನೆಯದೂ ಚಿಕ್ಕವು. ಒಂಟಿ ಜುಟ್ಟಿನ ಪಕ್ಕದಿಂದ ಮೊಳೆತ ಹೆಚ್ಚುವರಿ ಹಲ್ಲನ್ನು ಪಕ್ಕಚಿಗುರು ಎನ್ನಬಹುದು, ಅದು ಅನರ್ಹತೆ. ಜುಟ್ಟು ತೀರ್ಪುಗಾರರಿಗೆ ಮಾತ್ರ ಮುಖ್ಯವಾದ ಅಂಗವಲ್ಲ: ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ಅನುವಂಶೀಯತೆಯ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಜುಟ್ಟುಗಳನ್ನು ಅಭ್ಯಸಿಸಿಯೇ. ಗುಲಾಬಿ ಮತ್ತು ಬಟಾಣಿ ಜುಟ್ಟಿನ ಶುದ್ಧ ಕೋಳಿಗಳನ್ನು ಕೂಡಿಸಿದರೆ ಎರಡನ್ನೂ ಹೋಲದ ಅಕ್ರೋಟು ಜುಟ್ಟಿನ ಮರಿಗಳು ಹುಟ್ಟುತ್ತವೆ, ಆದ್ದರಿಂದ ಅಕ್ರೋಟು ಜುಟ್ಟಿನ ಬ್ರಹ್ಮಾವನ್ನು ಶುದ್ಧವೆಂದು ಮಾರಲು ಬಂದವರ ಮಾತನ್ನು ನಂಬಬೇಕಾಗಿಲ್ಲ. ಗುಲಾಬಿ ಜುಟ್ಟಿನ ಜೀನನ್ನು ಎರಡೂ ಕಡೆಯಿಂದ ಪಡೆದ ಹುಂಜಗಳ ಫಲವಂತಿಕೆ ಕಡಿಮೆ ಎಂಬುದನ್ನೂ ಸಾಕುವವರು ತಿಳಿದಿರಬೇಕು.

ಇಲ್ಲಿ ಹವೆ ಮತ್ತೆ ಅಡ್ಡ ಬರುತ್ತದೆ. ಬಿಸಿಲುನಾಡಿನಲ್ಲಿ ಬೆಳೆದ ಹುಂಜದ ಜುಟ್ಟು ಅದೇ ವಂಶದ, ಚಳಿಯಲ್ಲಿ ಬೆಳೆದ ಹುಂಜದ ಜುಟ್ಟಿಗಿಂತ ದೊಡ್ಡದಾಗಿ ಬೆಳೆಯುವ ಪ್ರವೃತ್ತಿ ಇದೆ, ಏಕೆಂದರೆ ಶಾಖ ಹೊರಹಾಕುವ ಕಿಟಕಿ ಅದೇ. ಬಾತಿನಾದ ತೋಟದಲ್ಲಿ ಬಲಿತ ಹುಂಜವನ್ನು ಜಬಲ್ ಅಖ್ದರ್‌ನ 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯಲ್ಲಿ ಬೆಳೆದ ಅದರ ಸೋದರನ ಪಕ್ಕದಲ್ಲಿ ನಿಲ್ಲಿಸಿ ಜುಟ್ಟು ದೊಡ್ಡದೆಂದು ಅಂಕ ಕಳೆಯುವುದು ನ್ಯಾಯವಲ್ಲ. ಆಕಾರ, ಹಲ್ಲುಗಳ ಸಂಖ್ಯೆ, ನೆಟ್ಟಗಿರುವಿಕೆ ಇವು ವಂಶದಿಂದ ಬರುವಂಥವಾದ್ದರಿಂದ ತೀರ್ಪು ಅವುಗಳ ಮೇಲೆ ನಿಲ್ಲಬೇಕು. ಬಣ್ಣವಂತೂ ಆರೋಗ್ಯದ ಸೂಚಕ: ಹೊಳೆಯುವ ಕೆಂಪು ಸರಿ, ಬಿಳಿಚಿದ್ದರೆ ರಕ್ತಹೀನತೆಯನ್ನೋ ಉಣ್ಣಿ, ಹೇನುಗಳನ್ನೋ ಶಂಕಿಸಬೇಕು, ನೀಲಿಗಟ್ಟಿದ್ದರೆ ಉಸಿರಾಟ ಅಥವಾ ರಕ್ತಸಂಚಾರದ ತೊಂದರೆ. ಎರಡೂ ಕಣ್ಣುಗಳ ಬಣ್ಣ ಒಂದೇ ಆಗಿರಬೇಕು, ಪಾಪೆ ದುಂಡಗಿರಬೇಕು. ಬೂದುಗಟ್ಟಿದ ಕಣ್ಣು ಮತ್ತು ಅಂಚು ಕೊರೆದಂಥ ಪಾಪೆ ಮಾರೆಕ್ಸ್ ಎಂಬ ವೈರಸ್ ರೋಗದ ಚಿಹ್ನೆಗಳಾಗಿರಬಹುದು, ಅಂಥ ಹುಂಜಕ್ಕೆ ಪಶುವೈದ್ಯರು ಬೇಕೇ ಹೊರತು ತೀರ್ಪುಗಾರರಲ್ಲ. ಅಸೀಲ್‌ನ ಕಣ್ಣು ಮುತ್ತಿನಂತೆ ಬೆಳ್ಳಗಿರುವುದು ತಳಿಯ ಗುಣ, ರೋಡ್ ಐಲೆಂಡ್ ರೆಡ್‌ನ ಕಣ್ಣು ಕೆಂಪುಗಂದು. ಅದರ ಕಿವಿಹಾಲೆಯೂ ಕೆಂಪಾಗಿಯೇ ಇರಬೇಕು. ಹಾಲೆಯಲ್ಲಿ ಬಿಳಿ ಹರಡಿದ್ದರೆ ಲೆಗ್‌ಹಾರ್ನ್‌ನಂಥ ಮೆಡಿಟರೇನಿಯನ್ ರಕ್ತ ಬೆರೆತಿರುವ ಸಂಶಯಕ್ಕೆ ಎಡೆಯಾಗುತ್ತದೆ.

ಕೈಯಲ್ಲಿ ಹಿಡಿದು

ಹುಂಜವನ್ನು ಪಂಜರದಿಂದ ತೆಗೆಯುವಾಗ ತಲೆ ಮೊದಲು ಹೊರಬರುವಂತೆ, ಎದೆಮೂಳೆ ಅಂಗೈಮೇಲೆ ಕೂತು ಕಾಲುಗಳು ಬೆರಳುಗಳ ನಡುವೆ ಸಿಕ್ಕುವಂತೆ ಹಿಡಿಯಬೇಕು. ರೆಕ್ಕೆಯನ್ನೋ ಕಾಲನ್ನೋ ಹಿಡಿದು ತೂಗಾಡಿಸುವುದು ಗರಿಗೂ ಹಕ್ಕಿಗೂ ಕೇಡು. ಅಂಗೈಗೆ ಮೊದಲು ತಿಳಿಯುವುದು ಮಾಂಸದ ಸ್ಥಿತಿ. ಎದೆಮೂಳೆ ಚೂರಿಯ ಅಲಗಾಗಿ ಚುಚ್ಚಿದರೆ ಹುಂಜ ಬಡವಾಗಿದೆ, ಬೆರಳಿಗೇ ಸಿಗದಿದ್ದರೆ ಕೊಬ್ಬಿದೆ, ಡೊಂಕಾಗಿದ್ದರೆ ಅದು ಅಂಗದೋಷ. ಸಡಿಲ ಗರಿಯ ಬ್ರಹ್ಮಾದಂಥ ತಳಿಗಳಲ್ಲಿ ಕಣ್ಣು ಮೋಸಹೋಗುವುದು ಸುಲಭ, ದಪ್ಪಗೆ ಕಂಡ ಹುಂಜ ಕೈಯಲ್ಲಿ ಬರೀ ಪುಕ್ಕವಾಗಿರುವುದುಂಟು. ಬಳಿಕ ರೆಕ್ಕೆಯನ್ನು ಬಿಡಿಸಿ ನೋಡಬೇಕು. ಹೊರಗಿನ ಉದ್ದ ಹಾರುಗರಿಗಳು ಸಾಮಾನ್ಯವಾಗಿ ಹತ್ತು. ಅವುಗಳಿಗೂ ಒಳಗಿನ ಸಾಲಿಗೂ ನಡುವೆ ಒಂದು ಗಿಡ್ಡ ಗರಿ ಇರುತ್ತದೆ, ಅದು ಇಲ್ಲದೆ ನಡುವೆ ಕಂಡಿ ಬಿದ್ದಿದ್ದರೆ ಸೀಳುರೆಕ್ಕೆ ಎಂಬ ಅನರ್ಹತೆ. ಗುದದ ಸುತ್ತಲೂ ರೆಕ್ಕೆಯ ಕೆಳಗೂ ಗರಿ ಸರಿಸಿ ಹೇನು, ಅದರ ಮೊಟ್ಟೆಗಳ ಗೊಂಚಲು ಇವೆಯೇ ಎಂದು ನೋಡಿಕೊಳ್ಳುವುದು ಮುಂದಿನ ಪಂಜರದ ಹಕ್ಕಿಯ ಹಿತಕ್ಕೂ ಅಗತ್ಯ.

ಕಾಲುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಣಕಾಲಿನ ಬಣ್ಣ ತಳಿಯಿಂದ ತಳಿಗೆ ಹಳದಿ, ಬಿಳಿ, ಸೀಸಬೂದಿ, ಹಸುರುಗಪ್ಪು ಎಂದು ಬದಲಾಗುತ್ತದೆ, ಮತ್ತು ಇದರ ಹಿಂದೆ ಕನ್ನಡನಾಡಿಗೆ ಹತ್ತಿರದ ಒಂದು ಸಂಗತಿಯಿದೆ. ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ಜೀನು ಬಂದದ್ದು ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ಸಂಶೋಧನೆ ತೋರಿಸಿತು. ಜೀನು ಇದ್ದ ಮಾತ್ರಕ್ಕೆ ಹಳದಿ ಮೂಡುವುದಿಲ್ಲ, ಅದಕ್ಕೆ ಬೇಕಾದ ವರ್ಣದ್ರವ್ಯ ಆಹಾರದಿಂದ ಬರಬೇಕು. ಹಳದಿ ಮೆಕ್ಕೆಜೋಳವೂ ಒಮಾನ್‌ನ ತೋಟಗಳಲ್ಲಿ ದನಕರುಗಳಿಗೆಂದು ವರ್ಷವಿಡೀ ಬೆಳೆಯುವ ಲೂಸರ್ನ್ ಸೊಪ್ಪೂ ಅದನ್ನು ಧಾರಾಳವಾಗಿ ಕೊಡುತ್ತವೆ. ಹೀಗಾಗಿ ಪಂಜರದಲ್ಲಿ ಬರೀ ಗೋಧಿ, ಅಕ್ಕಿನುಚ್ಚು ತಿಂದು ಬೆಳೆದ ರೋಡ್ ಐಲೆಂಡ್ ರೆಡ್‌ನ ಕಾಲು ಪೇಲವವಾಗಿದ್ದರೆ ಅದನ್ನು ಕೆಲವು ವಾರ ಸೊಪ್ಪು ತಿನ್ನಿಸಿ ಮತ್ತೆ ನೋಡುವುದು ವಿವೇಕ. ಕಾಲಿನ ಹುರುಪೆಗಳು ಎದ್ದು ಸುಣ್ಣದಂತೆ ಒರಟಾಗಿದ್ದರೆ ಅದು ಹುರುಪೆಯಡಿ ಕೊರೆಯುವ ಸೂಕ್ಷ್ಮ ಹುಳದ ಕೆಲಸ, ಚಿಕಿತ್ಸೆಯಿಂದ ಗುಣವಾಗುವಂಥದು. ಬೆರಳುಗಳು ಹೆಚ್ಚಿನ ತಳಿಗಳಲ್ಲಿ ನಾಲ್ಕು, ಡಾರ್ಕಿಂಗ್, ಸಿಲ್ಕಿ ಮುಂತಾದ ಕೆಲವಕ್ಕೆ ಐದು. ಪುಕ್ಕವಿರಬಾರದ ಕಣಕಾಲಿನಲ್ಲಿ ಒಂದು ಸಣ್ಣ ಎಳೆಗರಿ ಕಂಡರೂ ಹುಂಜ ಹೊರಗುಳಿಯುತ್ತದೆ, ಹಾಗೆಂದೇ ಅದನ್ನು ಮೊದಲೇ ಕಿತ್ತು ತರುವವರಿದ್ದಾರೆ. ಬೆರಳಿನಿಂದ ಹುರುಪೆಗಳ ಅಂಚನ್ನು ಸವರಿದರೆ ಕಿತ್ತ ಗುರುತು ಸಿಗುತ್ತದೆ. ವರ್ಷ ತುಂಬದ ಎಳೆ ಹುಂಜವನ್ನೂ ವರ್ಷ ದಾಟಿದ ಹುಂಜವನ್ನೂ ಬೇರೆ ವಿಭಾಗಗಳಲ್ಲಿ, ಬೇರೆ ತೂಕಗಳಿಗೆ ಹೋಲಿಸುವುದರಿಂದ ಕಾಲಿನ ಮುಳ್ಳಿನ ಉದ್ದ ವಯಸ್ಸಿನ ಸಾಕ್ಷಿಯಾಗಿಯೂ ಉಪಯುಕ್ತ.

ಬಣ್ಣಕ್ಕೆ ಬರುವ ಹೊತ್ತಿಗೆ ತೀರ್ಪು ಬಹುಪಾಲು ಮುಗಿದಿರಬೇಕು. ಬಿಳಿ ಗರಿಯ ಹುಂಜಗಳ ಕುತ್ತಿಗೆ ಮತ್ತು ಬೆನ್ನಿನ ಮೇಲೆ ಬಿಸಿಲಿನಿಂದಲೂ ಹಳದಿ ಮೆಕ್ಕೆಜೋಳ ಹೆಚ್ಚಾದುದರಿಂದಲೂ ಹಿತ್ತಾಳೆಯ ಛಾಯೆ ಏರುತ್ತದೆ, ಇದನ್ನು ಎಲ್ಲ ಗ್ರಂಥಗಳೂ ದೋಷವೆನ್ನುತ್ತವೆ. ಆದ್ದರಿಂದ ಕಾಲಿಗೆ ಒಳ್ಳೆಯದಾದ ಆಹಾರವೇ ಗರಿಗೆ ಕೆಟ್ಟದ್ದಾಗುವ ಇಕ್ಕಟ್ಟು ಬಿಳಿ ಹಕ್ಕಿ ಸಾಕುವವರಿಗೆ ತಪ್ಪಿದ್ದಲ್ಲ, ನೆರಳೊಂದೇ ಉಪಾಯ. ರೋಡ್ ಐಲೆಂಡ್ ರೆಡ್‌ನಲ್ಲಿ ಗರಿಯನ್ನು ಹಿಂದಕ್ಕೆ ಸರಿಸಿ ಬುಡದ ಬಣ್ಣ ನೋಡಬೇಕು, ಅಲ್ಲಿಯೂ ಕೆಂಪೇ ಇರಬೇಕು, ಮಸಿ ಇರಬಾರದು. ಪಟ್ಟೆಯುಳ್ಳ ಪ್ಲಿಮತ್ ರಾಕ್‌ನಂಥ ತಳಿಯಲ್ಲಿ ಪಟ್ಟೆಯ ಜೀನು ಲಿಂಗವರ್ಣತಂತುವಿನ ಮೇಲಿದೆ. ಹುಂಜಕ್ಕೆ ಅದರ ಎರಡು ಪ್ರತಿ, ಹೇಂಟೆಗೆ ಒಂದೇ. ಹಾಗಾಗಿ ಹುಂಜ ಸಹಜವಾಗಿಯೇ ತಿಳಿಯಾಗಿರುತ್ತದೆ. ಎರಡಕ್ಕೂ ಒಂದೇ ಛಾಯೆ ಬೇಕೆಂದ ಪ್ರದರ್ಶಕರು ಹುಂಜಗಳಿಗೊಂದು, ಹೇಂಟೆಗಳಿಗೊಂದು ಪ್ರತ್ಯೇಕ ವಂಶಾವಳಿಯನ್ನು ಕಾಯ್ದುಕೊಂಡು ಬಂದಿದ್ದಾರೆ. ಬಹುಮಾನ ಗೆದ್ದ ಹುಂಜವನ್ನು ತಂದು ಬಹುಮಾನದ ಹೇಂಟೆಮರಿಗಳನ್ನು ನಿರೀಕ್ಷಿಸಿದವರಿಗೆ ಆಗುವ ನಿರಾಶೆಗೆ ಕಾರಣ ಹಲವೊಮ್ಮೆ ಇದೇ.

ಅನರ್ಹತೆ ಮತ್ತು ದೋಷಗಳ ವ್ಯತ್ಯಾಸ ಇಷ್ಟರಲ್ಲಿ ತಿಳಿದಿರುತ್ತದೆ: ದೋಷಕ್ಕೆ ನೂರು ಅಂಕಗಳ ಒಟ್ಟು ಪಟ್ಟಿಯಿಂದ ಅದರ ಗಾತ್ರಕ್ಕೆ ತಕ್ಕಷ್ಟು ಕಳೆಯುತ್ತಾರೆ, ಅನರ್ಹತೆಗೆ ಹುಂಜವನ್ನೇ ಕಳೆಯುತ್ತಾರೆ. ಬಣ್ಣ ಹಚ್ಚುವುದು, ಗರಿ ಅಂಟಿಸುವುದು, ಜುಟ್ಟು ಕತ್ತರಿಸಿ ತಿದ್ದುವುದು ಅನರ್ಹತೆಯ ಪಟ್ಟಿಗೆ ಸೇರಿದವು. ಈ ಚಾಳಿ ಕೋಳಿಯವರದ್ದೇ ಅಲ್ಲ. 2021ರಲ್ಲಿ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ ಅಜೀಜ್ ಒಂಟೆ ಉತ್ಸವದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಮುಂತಾದ ಕೃತಕ ತಿದ್ದುಪಡಿಗಾಗಿ 40ಕ್ಕೂ ಹೆಚ್ಚು ಒಂಟೆಗಳನ್ನು ಹೊರಹಾಕಲಾಯಿತು.

ಬರೆಯದ ತಳಿಯ ಹುಂಜ

ಇಷ್ಟೆಲ್ಲ ಕಲಿತವರು ಒಮಾನ್‌ನ ನಾಟಿ ಹುಂಜದ ಮುಂದೆ ಬಂದಾಗ ಕಲಿತದ್ದರಲ್ಲಿ ಅರ್ಧವನ್ನು ಬದಿಗಿಡಬೇಕಾಗುತ್ತದೆ. ಅಲ್ಲಿನ ಸ್ಥಳೀಯ ಕೋಳಿಗಳ ಸಾಕಣೆ, ಉತ್ಪಾದನೆ ಮತ್ತು ಆನುವಂಶಿಕ ವೈವಿಧ್ಯವನ್ನು ಕುರಿತ, ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಸಂಶೋಧಕರೂ ಪಾಲ್ಗೊಂಡ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದು ಬಾತಿನಾ, ಧೋಫಾರ್, ಉತ್ತರ ಹಜರ್, ಪೂರ್ವ ಹಜರ್, ಮುಸಂದಮ್ ಮತ್ತು ಪೂರ್ವ ಕರಾವಳಿ ಎಂಬ ಆರು ಕೃಷಿಹವಾ ವಲಯಗಳನ್ನು ಒಳಗೊಂಡಿತ್ತು, ಸಂರಕ್ಷಣೆಯೇ ಅದರ ಉದ್ದೇಶವಾಗಿತ್ತು. ಇಂಥ ಸಮುದಾಯದಲ್ಲಿ ವೈವಿಧ್ಯವೇ ಸಂಪತ್ತು. ಕತ್ತು ಬೋಳಾದ ಹುಂಜವನ್ನು ಕುರೂಪವೆಂದು ಕೊಯ್ದರೆ ಮೈಯ ಶಾಖ ಬೇಗ ಬಿಟ್ಟುಕೊಡುವ ಬೋಳುಕತ್ತಿನ ಜೀನೂ ಅದರೊಡನೆ ಹೋಗುತ್ತದೆ. ಗರಿ ಹೊರಕ್ಕೆ ಸುರುಳಿಗೊಂಡ ಹುಂಜದ ವಿಷಯವೂ ಹಾಗೆಯೇ. ತುಳುನಾಡಿನ ಕುಕ್ಕುಟ ಪಂಚಾಂಗ ಹುಂಜಗಳನ್ನು ಬಣ್ಣದ ಮೇಲೆ ವಿಂಗಡಿಸಿ ವಾರ, ತಿಥಿಗಳಿಗೆ ತಕ್ಕ ಕೋಳಿ ಅಂಕದ ಗೆಲುವುಸೋಲು ಹೇಳುವಂಥದ್ದಾದ್ದರಿಂದ, ಕರಾವಳಿಯಿಂದ ಮಸ್ಕತ್ತಿಗೆ ಹೋದವರು ಆ ಬಣ್ಣದ ಹೆಸರುಗಳನ್ನು ನಾಟಿ ಹುಂಜದ ಬಣ್ಣ ಹೇಳಲು ಬಳಸಿದರೆ ತಪ್ಪಿಲ್ಲ, ಫಲವನ್ನು ಮಾತ್ರ ಬಿಡಬೇಕು.

ನಾಟಿ ಹುಂಜಕ್ಕೆ ತಕ್ಕ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರ ತನ್ನ ಮಾರ್ಗಸೂಚಿಯಲ್ಲಿ ಕೊಟ್ಟಿದೆ, ಅದರಲ್ಲಿ ಸರಿತಪ್ಪುಗಳಿಲ್ಲ, ದಾಖಲೆ ಮಾತ್ರ ಇದೆ. ಗರಿಯ ಬಗೆ ಮತ್ತು ಹರಡಿಕೆ, ಜುಟ್ಟಿನ ಬಗೆ, ಕಿವಿಹಾಲೆ, ಕಣ್ಣು, ಚರ್ಮ, ಕಣಕಾಲುಗಳ ಬಣ್ಣಗಳನ್ನು ಕಂಡಂತೆ ಬರೆಯಬೇಕು, ಆಮೇಲೆ ತೂಕ, ಕೊಕ್ಕಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದ, ಎದೆಯ ಸುತ್ತಳತೆ, ಚಾಚಿದ ಎರಡು ರೆಕ್ಕೆಗಳ ತುದಿಗಳ ನಡುವಿನ ಅಂತರ, ಕಣಕಾಲಿನ ಮೇಲ್ತುದಿಯ ಗೀಲಿನಿಂದ ಕಾಲಿನ ಮುಳ್ಳಿನವರೆಗಿನ ಉದ್ದ ಇವನ್ನು ಅಳೆಯಬೇಕು. ಹೊಲಿಗೆಯವರ ಮೆತ್ತನೆಯ ಟೇಪು ಮತ್ತು ಕೊಕ್ಕೆಯ ತಕ್ಕಡಿ ಸಾಕು. ತೂಕವನ್ನು ಬೆಳಿಗ್ಗೆ ಮೇವು ಹಾಕುವ ಮೊದಲು ನೋಡಬೇಕು, ಇಲ್ಲವಾದರೆ ತುಂಬಿದ ಮೇವಿನ ಚೀಲದ ಭಾರವೂ ಸೇರಿಬಿಡುತ್ತದೆ. ಒಂದು ಹುಂಜದ ಅಳತೆಯಿಂದ ಏನೂ ತಿಳಿಯದು, ಒಂದೇ ಊರಿನ ಹಲವು ಮನೆಗಳ, ಒಂದಕ್ಕೊಂದು ಸಂಬಂಧವಿಲ್ಲದ ವಯಸ್ಕ ಹುಂಜಗಳ ಅಳತೆಗಳು ಬೇಕು. ಕೊಂಡುತಂದ ಯಾವ ಹುಂಜವನ್ನೇ ಆಗಲಿ ಹಳೆಯ ಹಿಂಡಿಗೆ ಬಿಡುವ ಮೊದಲು ಎರಡು ಮೂರು ವಾರ ಪ್ರತ್ಯೇಕವಾಗಿಡಬೇಕು, ಏಕೆಂದರೆ ಕನ್ನಡನಾಡಿನಲ್ಲಿ ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ರೋಗ ಸಂತೆಯ ಹಕ್ಕಿಗಳ ಮೂಲಕವೇ ಹಟ್ಟಿಗೆ ಬರುವುದು ಹೆಚ್ಚು. ಹೊರದೇಶದಿಂದ ಹಕ್ಕಿ ಅಥವಾ ಕಾವುಮೊಟ್ಟೆ ತರಿಸುವ ಯೋಚನೆ ಇದ್ದವರು ಮೊದಲು ಒಮಾನ್‌ನ ಕೃಷಿ, ಮೀನುಗಾರಿಕೆ ಮತ್ತು ಜಲಸಂಪನ್ಮೂಲ ಸಚಿವಾಲಯದ ಪಶುವೈದ್ಯ ವಿಭಾಗವನ್ನು ವಿಚಾರಿಸಬೇಕು.